ಕ್ರಿಸ್‌ಮಸ್ ಗಡಿಬಿಡಿಯಲ್ಲಿ ಆರಾಧನೆ ಕೈತಪ್ಪದಂತೆ ನೋಡಿಕೊಳ್ಳುವುದು ಹೇಗೆ: ನವೆಂಬರ್‌ನಿಂದ ಜನವರಿ 6ರವರೆಗೆ ಹಂತ ಹಂತವಾಗಿ

ಪ್ರತಿ ಜನವರಿಯಲ್ಲಿ ನಮ್ಮ ಚರ್ಚಿನ ಸಭೆಯವರಿಂದ ಒಂದೇ ಮಾತು ಕೇಳುತ್ತೇನೆ. "ಈ ಸಲನೂ ಹಬ್ಬ ಮುಗೀತು, ಒಂದು ದಿನ ನೆಟ್ಟಗೆ ಕೂತು ಪ್ರಾರ್ಥನೆ ಮಾಡೋಕೆ ಆಗ್ಲಿಲ್ಲ." ಹೀಗೆ ಹೇಳುವವರಿಗೆ ಭಕ್ತಿ ಕಡಿಮೆ ಅಂತ ಅಲ್ಲ. ಮೇಣದಬತ್ತಿ ತಂದಿರುತ್ತಾರೆ, ಓದುವ ಪಟ್ಟಿ ಪ್ರಿಂಟ್ ತೆಗೆಸಿರುತ್ತಾರೆ, ಮೊದಲ ವಾರ ಚೆನ್ನಾಗಿಯೇ ನಡೆಸಿರುತ್ತಾರೆ. ಎರಡನೇ ವಾರದ ನಡುವೆ ಎಲ್ಲೋ ಅದು ನಿಂತುಹೋಗುತ್ತದೆ.

ನಾನು ನೋಡಿದ ಮಟ್ಟಿಗೆ ತಪ್ಪುವುದು ಕ್ರಮದಲ್ಲಿ. ಅಲಂಕಾರ, ಖರೀದಿ, ಪ್ರಯಾಣ, ಯಾರ ಮನೆಗೆ ಯಾವತ್ತು ಹೋಗಬೇಕು, ಎಲ್ಲಕ್ಕೂ ದಿನ ಗೊತ್ತುಮಾಡುತ್ತೇವೆ. ಆಮೇಲೆ ಮಿಕ್ಕ ಹೊತ್ತನ್ನು ದೇವರಿಗೆ ಇಡುತ್ತೇವೆ. ಡಿಸೆಂಬರ್‌ನಲ್ಲಿ ಹೊತ್ತು ಮಿಗುವುದೇ ಇಲ್ಲ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಅದರಲ್ಲೂ ಮೊದಲ ಎರಡನ್ನು ಬಿಟ್ಟು ನೇರವಾಗಿ ಮೇಣದಬತ್ತಿಗೆ ಹೋಗಬೇಡಿ. ಹೆಚ್ಚಿನವರು ಸೋಲುವುದು ಅಲ್ಲೇ.

## ಮೊದಲು ಹೊಂದಿಸಿಕೊಳ್ಳಬೇಕಾದ್ದು

ಗೋಡೆಗೆ ನೇತುಹಾಕುವ ಕ್ಯಾಲೆಂಡರ್ ಒಂದು. ಮೊಬೈಲ್ ಕ್ಯಾಲೆಂಡರ್ ನಿಮಗೊಬ್ಬರಿಗೇ ಕಾಣುತ್ತದೆ, ಇದು ಮನೆಯವರೆಲ್ಲರ ಕಣ್ಣಿಗೆ ಬೀಳಬೇಕು.

ಕಾಗದದ ಬೈಬಲ್ ಒಂದು. ಮನೆಯ ಚಿಕ್ಕವರಿಗೂ ಅರ್ಥವಾಗುವ ಅನುವಾದ ಆಗಿರಲಿ. ಮೊಬೈಲ್‌ನಲ್ಲಿ ಓದಬಹುದಲ್ಲ ಅಂತ ಕೇಳುತ್ತೀರಿ. ಓದಬಹುದು, ಆದರೆ ದೇವದೂತ ಮಾತಾಡುತ್ತಿರುವಾಗಲೇ ಮೇಲಿನಿಂದ ಒಂದು ಮೆಸೇಜ್ ಇಳಿದು ಬರುತ್ತದೆ, ಓದುವವರ ಕಣ್ಣು ಅತ್ತ ಹೋಗುತ್ತದೆ, ಕೇಳುವವರಿಗೆ ಅದು ಗೊತ್ತಾಗಿಬಿಡುತ್ತದೆ.

ಐದು ಮೇಣದಬತ್ತಿ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಕ್ಕೆ ನಾಲ್ಕು, ಯೇಸುವಿನ ಹುಟ್ಟುಹಬ್ಬಕ್ಕೆ ಬಿಳಿಯದೊಂದು. ಬಹಳಷ್ಟು ಸಭೆಗಳಲ್ಲಿ ಮೂರು ನೇರಳೆ, ಒಂದು ಗುಲಾಬಿ ಇರುತ್ತದೆ. ಗುಲಾಬಿ ಬಣ್ಣದ್ದು ಮೂರನೇ ಭಾನುವಾರಕ್ಕೆ. ಆ ಬಣ್ಣ ಸಿಗದಿದ್ದರೆ ಇರುವುದನ್ನೇ ಬಳಸಿ. ದಪ್ಪ ಬತ್ತಿಗಳನ್ನೇ ತನ್ನಿ. ಮೊದಲನೆಯದು ನಾಲ್ಕು ವಾರವೂ ಉರಿಯಬೇಕು, ತೆಳ್ಳಗಿನದು ಅಷ್ಟು ದಿನ ಬಾಳುವುದಿಲ್ಲ. ಅಡಿಗೆ ಲೋಹದ ಅಥವಾ ಮಣ್ಣಿನ ತಟ್ಟೆ ಇಡಿ. ಸುತ್ತ ಹಸಿರೆಲೆ ಜೋಡಿಸಿದ್ದರೆ ವಾರಕ್ಕೊಮ್ಮೆ ಕೈಯಿಂದ ಮುಟ್ಟಿ ನೋಡಿ. ಪುಡಿಯಾಗಿ ಉದುರಿದರೆ ಅವತ್ತೇ ತೆಗೆದುಹಾಕಿ, ಒಣಗಿದ ಎಲೆಗೆ ಬೆಂಕಿ ತಗಲುವುದಕ್ಕೆ ಒಂದು ಕ್ಷಣ ಸಾಕು.

ಒಂದು ನೋಟ್‌ಬುಕ್, ಒಂದು ಪೆನ್. ಇದರ ಉಪಯೋಗ ಮುಂದೆ ಹೇಳುತ್ತೇನೆ.

## ಹಂತ 1: ಕ್ಯಾಲೆಂಡರ್‌ನಲ್ಲಿ ಮೊದಲು ಆರಾಧನೆಯನ್ನು ಬರೆಯಿರಿ

ಇದನ್ನು ನವೆಂಬರ್ ಮೊದಲ ವಾರದಲ್ಲೇ ಮುಗಿಸಿ. ಮನೆಯವರೆಲ್ಲ ಒಟ್ಟಿಗೆ ಕೂತಿರಬೇಕು. ಒಬ್ಬರೇ ಬರೆದು ನೇತುಹಾಕಿದರೆ ಉಳಿದವರಿಗೆ ಅದು ಅವರ ಕೆಲಸ ಅನ್ನಿಸಿಬಿಡುತ್ತದೆ.

ಆಗಮನ ಕಾಲ, ಅಂದರೆ ಅಡ್ವೆಂಟ್, ಡಿಸೆಂಬರ್ 25ಕ್ಕೆ ಮುಂಚಿನ ನಾಲ್ಕನೇ ಭಾನುವಾರ ಶುರುವಾಗುತ್ತದೆ. ಲೆಕ್ಕ ಸುಲಭ: ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬರುವ ಭಾನುವಾರ. 2026ರಲ್ಲಿ ನವೆಂಬರ್ 29, 2027ರಲ್ಲಿ ನವೆಂಬರ್ 28, 2028ರಲ್ಲಿ ಡಿಸೆಂಬರ್ 3. ಹೀಗಾಗಿ ಈ ಕಾಲ ಒಂದು ವರ್ಷ 28 ದಿನ ಇದ್ದರೆ ಇನ್ನೊಂದು ವರ್ಷ ಬರೀ 22 ದಿನ. 2028ರಂಥ ವರ್ಷದಲ್ಲಿ ಜನ ಮೋಸ ಹೋಗುತ್ತಾರೆ. ನಾಲ್ಕನೇ ಭಾನುವಾರ ಮತ್ತು ಡಿಸೆಂಬರ್ 24 ಅವತ್ತು ಒಂದೇ ದಿನ. ಅವತ್ತು ನಾಲ್ಕನೇ ಬತ್ತಿ, ಮರುದಿನ ಬೆಳಿಗ್ಗೆಯೇ ಬಿಳಿ ಬತ್ತಿ. ನಾಲ್ಕನೇ ವಾರ ಅಂತ ಒಂದು ವಾರವೇ ಇರುವುದಿಲ್ಲ.

ನಿಮ್ಮ ಸಭೆ ಹಳೆಯ ಜೂಲಿಯನ್ ಪಂಚಾಂಗ ಅನುಸರಿಸಿ ಜನವರಿ 7ಕ್ಕೆ ಹಬ್ಬ ಆಚರಿಸುವುದಾದರೆ, ಅಥವಾ ನಲವತ್ತು ದಿನ ಉಪವಾಸ ಹಿಡಿಯುವ ಪದ್ಧತಿ ಇದ್ದರೆ, ನಿಮ್ಮ ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ. ಹಂತಗಳು ಬದಲಾಗುವುದಿಲ್ಲ.

ಬರೆಯುವ ಕ್ರಮ ಹೀಗಿರಲಿ. ಮೊದಲು ನಾಲ್ಕು ಭಾನುವಾರದ ಆರಾಧನೆ. ಆಮೇಲೆ 24ರ ರಾತ್ರಿ, 25ರ ಆರಾಧನೆ. ಆಮೇಲೆ ಜನವರಿ 1, ಮತ್ತು ಮೂಡಣದ ಜ್ಞಾನಿಗಳು ಬಂದದ್ದನ್ನು ನೆನೆಯುವ ಜನವರಿ 6. ಆಮೇಲೆ ಮನೆಯ ದಿನದ ಪ್ರಾರ್ಥನೆಯ ಹೊತ್ತು. ಇಷ್ಟಾದ ಮೇಲೆ ಮಾತ್ರ ಉಳಿದದ್ದೆಲ್ಲ. ಪೆನ್ಸಿಲ್ ಬೇಡ, ಪೆನ್ನಿನಲ್ಲೇ ಬರೆಯಿರಿ. "ಸಾಧ್ಯವಾದರೆ" ಅಂತ ಪಕ್ಕದಲ್ಲಿ ಸೇರಿಸಬೇಡಿ, ಸೇರಿಸಿದ ಕೂಡಲೇ ಅದು ಆಗುವುದಿಲ್ಲ ಅಂತಲೇ ಲೆಕ್ಕ.

## ಹಂತ 2: ಎರಡು ಕೆಲಸ ಕೈಬಿಡಿ

ಈಗಾಗಲೇ ತುಂಬಿರುವ ತಿಂಗಳಿಗೆ ಹೊಸದೊಂದನ್ನು ಸೇರಿಸಿದರೆ ಮೊದಲು ಬೀಳುವುದು ಆ ಹೊಸದೇ. ಆದ್ದರಿಂದ ಜಾಗ ಮಾಡಿಕೊಳ್ಳಬೇಕು.

ಕಳೆದ ವರ್ಷ ಹಬ್ಬಕ್ಕೆ ಅಂತ ಮಾಡಿದ್ದನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆಯಿರಿ. ಸಣ್ಣದು ದೊಡ್ಡದು ಎಲ್ಲ. ಆಮೇಲೆ ಮನೆಯ ಪ್ರತಿಯೊಬ್ಬರನ್ನೂ ಕೇಳಿ, ಇದರಲ್ಲಿ ಯಾವುದು ಇಲ್ಲದಿದ್ದರೆ ನಿನಗೆ ನಿಜವಾಗಿ ಬೇಜಾರಾಗುತ್ತದೆ? ಯಾರೂ ಬೆರಳು ತೋರಿಸದ ಕೆಲಸ ಎರಡು ಮೂರಾದರೂ ಸಿಕ್ಕೇ ಸಿಗುತ್ತವೆ. ನಾವು ಹಾಗೆ ಕೇಳಿದಾಗ, ನಾನು ವರ್ಷವರ್ಷ ರಾತ್ರಿ ನಿದ್ದೆಗೆಟ್ಟು ಕೈಯಲ್ಲಿ ಬರೆಯುತ್ತಿದ್ದ ಶುಭಾಶಯ ಪತ್ರಗಳ ಬಗ್ಗೆ ಮನೆಯಲ್ಲಿ ಯಾರೂ ಒಂದು ಮಾತೂ ಎತ್ತಲಿಲ್ಲ. ಮನಸ್ಸಿಗೆ ನೋವಾಯಿತು, ನಿಜ. ಆದರೆ ಆರು ಸಂಜೆ ಖಾಲಿ ಸಿಕ್ಕವು.

ಪೂರ್ತಿ ಬಿಡಲಾಗದ್ದನ್ನು 25ರ ನಂತರಕ್ಕೆ ತಳ್ಳಿ. ನೆಂಟರ ಭೇಟಿ, ಗೆಳೆಯರ ಜೊತೆ ಸೇರುವುದು, ಇವೆಲ್ಲ 27ಕ್ಕೆ ಆದರೂ ಹಬ್ಬವೇ. ಸಭೆಯ ಪಂಚಾಂಗದಲ್ಲಿ ಕ್ರಿಸ್‌ಮಸ್ ಕಾಲ ಶುರುವಾಗುವುದೇ 25ಕ್ಕೆ.

ಇನ್ನೊಂದು ಮಾತು. ಬಡವರಿಗೆ, ಕಷ್ಟದಲ್ಲಿರುವವರಿಗೆ ಏನು ಕೊಡುತ್ತೀರಿ ಅನ್ನುವುದನ್ನು ಇದೇ ದಿನ ನಿರ್ಧರಿಸಿ ಎತ್ತಿಡಿ, ಉಡುಗೊರೆಯ ಪಟ್ಟಿ ಮಾಡುವುದಕ್ಕಿಂತ ಮುಂಚೆ. ಕೊನೆಗೆ ಮಿಕ್ಕದ್ದನ್ನು ಕೊಡೋಣ ಅಂದರೆ ಹೊತ್ತಿಗೆ ಆದ ಗತಿಯೇ ಹಣಕ್ಕೂ ಆಗುತ್ತದೆ.

## ಹಂತ 3: ಒಂದೇ ಜಾಗ, ಒಂದೇ ಹೊತ್ತು, ಹತ್ತೇ ನಿಮಿಷ

ಅರ್ಧ ಗಂಟೆಯ ಕುಟುಂಬ ಆರಾಧನೆ ಅಂತ ಶುರುಮಾಡಿದವರು ಐದನೇ ದಿನ ನಿಲ್ಲಿಸಿದ್ದನ್ನು ಬಹಳ ನೋಡಿದ್ದೇನೆ. ಹತ್ತು ನಿಮಿಷ ಸಾಕು. ಒಂದು ದಿನ ಮನಸ್ಸು ತುಂಬಿ ಜಾಸ್ತಿ ಹೊತ್ತು ಕೂತರೆ ಸಂತೋಷ, ಆದರೆ ಮರುದಿನಕ್ಕೆ ಅದೇ ಅಳತೆ ಅಂತ ಮಾಡಬೇಡಿ.

ಹೊತ್ತನ್ನು ಈಗಾಗಲೇ ತಪ್ಪದೆ ನಡೆಯುವ ಯಾವುದಾದರೂ ಕೆಲಸಕ್ಕೆ ಗಂಟುಹಾಕಿ. ನಾವು ಮೊದಲು ರಾತ್ರಿ ಒಂಬತ್ತಕ್ಕೆ ಅಂತ ಇಟ್ಟುಕೊಂಡಿದ್ದೆವು. ಮಕ್ಕಳು ಸೋಫಾದಲ್ಲೇ ಮಲಗಿಬಿಡುತ್ತಿದ್ದರು, ನಾವು ಅವರನ್ನು ಎಬ್ಬಿಸಿ ಗದರಿ ಕೂರಿಸುತ್ತಿದ್ದೆವು, ಗದರಿದ ಬಾಯಲ್ಲೇ ಸಮಾಧಾನದ ಪ್ರಭುವಿನ ಬಗ್ಗೆ ಓದುತ್ತಿದ್ದೆವು. ಈಗ ರಾತ್ರಿ ಊಟಕ್ಕೆ ತಟ್ಟೆ ಹಾಕಿದ ಮೇಲೆ, ಬಡಿಸುವುದಕ್ಕಿಂತ ಮುಂಚೆ. ಹಸಿವು ಎಲ್ಲರನ್ನೂ ಹೊತ್ತಿಗೆ ಸರಿಯಾಗಿ ಕರೆದು ತರುತ್ತದೆ.

ಒಬ್ಬರೇ ಇರುವವರು ದಿನಾ ಅದೇ ಹೊತ್ತಿಗೆ ಇನ್ನೊಬ್ಬರಿಗೆ ಫೋನ್ ಮಾಡಿ ಜೊತೆಗೆ ಓದಿ. ಅದೂ ಆಗದಿದ್ದರೆ ಒಬ್ಬರೇ ಗಟ್ಟಿಯಾಗಿ ಓದಿ. ಮನಸ್ಸಿನಲ್ಲೇ ಓದುವುದಕ್ಕೂ ಗಟ್ಟಿಯಾಗಿ ಓದುವುದಕ್ಕೂ ಎಷ್ಟು ವ್ಯತ್ಯಾಸ ಇದೆ ಅನ್ನುವುದು ಮಾಡಿ ನೋಡಿದಾಗಲೇ ಗೊತ್ತಾಗುವುದು.

## ಹಂತ 4: ಆ ಹತ್ತು ನಿಮಿಷ ನಡೆಸುವ ಬಗೆ

1. ಬೇರೆ ದೀಪಗಳನ್ನು ಆರಿಸಿ. ಮೊಬೈಲ್‌ಗಳು ಇನ್ನೊಂದು ಕೋಣೆಯಲ್ಲಿರಲಿ.

2. ಆ ವಾರದ ಬತ್ತಿ ಹಚ್ಚಿ. ಮೊದಲ ವಾರ ಒಂದು, ಎರಡನೇ ವಾರ ಎರಡು, ಹೀಗೆ. ಹಚ್ಚುವ ಸರದಿ ದಿನಕ್ಕೊಬ್ಬರದ್ದು. ಯಾರ ಸರದಿ ಅಂತ ಕ್ಯಾಲೆಂಡರ್‌ನಲ್ಲೇ ಬರೆದಿಡಿ, ಇಲ್ಲದಿದ್ದರೆ ಜಗಳ ಗ್ಯಾರಂಟಿ. ಚಿಕ್ಕ ಮಕ್ಕಳ ಕೈ ಹಿಡಿದು ಹಚ್ಚಿಸಿ.

3. ಅರ್ಧ ನಿಮಿಷ ಸುಮ್ನೆ ಕೂತಿರಿ. ಯಾರೂ ಏನೂ ಹೇಳಬಾರದು. ಮೊದಲ ಮೂರು ನಾಲ್ಕು ದಿನ ಇದು ಕಷ್ಟ, ಮಕ್ಕಳು ನಗುತ್ತಾರೆ. ನಗಲಿ ಬಿಡಿ. ಒಂದು ವಾರ ಕಳೆದ ಮೇಲೆ ಬತ್ತಿ ಚಿಟಪಟ ಅನ್ನುವುದು ಕೇಳುವಷ್ಟು ಮೌನ ಬರುತ್ತದೆ.

4. ಓದಿ. ನಿಧಾನವಾಗಿ, ಒಬ್ಬರೇ ಓದಲಿ.

5. ಒಂದೇ ಪ್ರಶ್ನೆ ಕೇಳಿ: "ಇವತ್ತು ಯಾವ ಮಾತು ಕಿವಿಯಲ್ಲಿ ನಿಂತಿತು?" ಉತ್ತರ ತಿದ್ದಬೇಡಿ, ವಿವರಿಸಬೇಡಿ. ದೊಡ್ಡವರು ಇಲ್ಲೇ ಉಪದೇಶಕ್ಕೆ ಇಳಿದುಬಿಡುತ್ತಾರೆ. ಆಮೇಲೆ ಮಕ್ಕಳು ಬಾಯಿ ಬಿಡುವುದಿಲ್ಲ.

6. ಒಂದು ಹಾಡಿನ ಒಂದು ಚರಣ. ವಾರಪೂರ್ತಿ ಅದೇ ಚರಣ ಆದರೆ ವಾರದ ಕೊನೆಗೆ ಬಾಯಿಪಾಠ ಆಗಿರುತ್ತದೆ.

7. ಚಿಕ್ಕ ಪ್ರಾರ್ಥನೆ, ಒಬ್ಬರ ಹೆಸರು ಹಿಡಿದು. ಕಾಯಿಲೆಯಲ್ಲಿರುವವರು, ಮಾತು ಬಿಟ್ಟವರು, ದೂರ ಇರುವವರು. ಆ ಹೆಸರನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ.

8. ಬತ್ತಿ ಆರಿಸಿ. ಉರಿಯುವ ಬತ್ತಿಯನ್ನು ಬಿಟ್ಟು ಊಟಕ್ಕೆ ಏಳಬೇಡಿ.

ಒಂದು ದಿನ ತಪ್ಪಿದರೆ? ಮರುದಿನ ಎರಡು ದಿನದ್ದು ಸೇರಿಸಿ ಓದಬೇಡಿ. ಆ ದಿನದ್ದನ್ನು ಮಾತ್ರ ಓದಿ ಮುಂದಕ್ಕೆ ಹೋಗಿ. ಬಾಕಿ ತೀರಿಸುವ ಲೆಕ್ಕ ಶುರುವಾದರೆ ಪ್ರಾರ್ಥನೆ ಹೋಮ್‌ವರ್ಕ್ ಥರ ಆಗುತ್ತದೆ.

## ಹಂತ 5: ಏನು ಓದಬೇಕು

ಲೂಕನ ಸುವಾರ್ತೆಯಲ್ಲಿ 24 ಅಧ್ಯಾಯ ಇವೆ. ಡಿಸೆಂಬರ್ 1ರಿಂದ 24ರವರೆಗೆ ದಿನಕ್ಕೊಂದು ಓದುವ ಪದ್ಧತಿ ತುಂಬಾ ಜನರಲ್ಲಿದೆ. ಒಬ್ಬರೇ ಓದುವವರಿಗೆ ಅದು ಒಳ್ಳೆಯದೇ. ಮನೆಮಂದಿಗೆ ನಾನು ಹೇಳುವುದಿಲ್ಲ. ಮೊದಲ ಅಧ್ಯಾಯವೇ 80 ವಚನ, ಮಕ್ಕಳಿಗೆ ಅಷ್ಟು ಹೊತ್ತು ಕೂರಲಾಗದು.

ಅದರ ಬದಲು ಆ ಒಂದು ಅಧ್ಯಾಯವನ್ನೇ ನಾಲ್ಕು ವಾರಕ್ಕೆ ಹಂಚಿ. ಅದು ತಾನಾಗಿಯೇ ನಾಲ್ಕು ಭಾಗವಾಗುತ್ತದೆ.

ಮೊದಲ ವಾರ 1:5-25, ಜಕರೀಯನು ದೇವಾಲಯದಲ್ಲಿ ದೇವದೂತನನ್ನು ಕಂಡು ಮೂಕನಾಗುವುದು. ಎರಡನೇ ವಾರ 1:26-38, ಗಬ್ರಿಯೇಲನು ಮರಿಯಳ ಬಳಿಗೆ ಬರುವುದು. ಮೂರನೇ ವಾರ 1:39-56, ಮರಿಯಳು ಎಲಿಸಬೇತಳನ್ನು ಕಾಣಲು ಹೋಗುವುದು ಮತ್ತು ಅವಳ ಹಾಡು. ನಾಲ್ಕನೇ ವಾರ 1:57-80, ಯೋಹಾನ ಹುಟ್ಟುವುದು, ಜಕರೀಯನ ಬಾಯಿ ತೆರೆಯುವುದು. ನಾಲ್ಕನೇ ವಾರ ಒಂದೆರಡು ದಿನಕ್ಕೇ ಮುಗಿಯುವ ವರ್ಷ ಕೊನೆಯ ಭಾಗವನ್ನು ಮೂರನೇ ವಾರದ ಶುಕ್ರವಾರದಿಂದಲೇ ಶುರುಮಾಡಿ.

ಭಾನುವಾರ ಪೂರ್ತಿ ಭಾಗ ಓದಿ. ವಾರದ ದಿನಗಳಲ್ಲಿ ಅದರಲ್ಲೇ ಐದಾರು ವಚನ. ನಡುವೆ ಎರಡು ದಿನ ಪ್ರವಾದಿಗಳಿಂದ ಓದಿ: ನಾಲ್ಕು ವಾರಕ್ಕೆ ಕ್ರಮವಾಗಿ ಯೆಶಾಯ 9:2-7, ಯೆಶಾಯ 11:1-10, ಮೀಕ 5:2-5, ಯೆಶಾಯ 40:1-5. ಕೆಲವು ಅನುವಾದಗಳಲ್ಲಿ ಯೆಶಾಯ 9 ಮತ್ತು ಮೀಕ 5ರ ವಚನಸಂಖ್ಯೆ ಒಂದು ಹಿಂದೆ ಇರುತ್ತದೆ, ಮೊದಲೇ ತೆಗೆದು ನೋಡಿಕೊಳ್ಳಿ. ಯೋಸೇಫನ ಕನಸು, ಮತ್ತಾಯ 1:18-25, ಹಬ್ಬಕ್ಕೆ ಎರಡು ದಿನ ಮುಂಚೆ.

ಒಂದೇ ಭಾಗವನ್ನು ವಾರವಿಡೀ ಓದಿದರೆ ಬೇಜಾರು ಬರುವುದಿಲ್ಲವಾ ಅಂತ ಕೇಳುತ್ತಾರೆ. ಜಕರೀಯನ ವಾರದ ಗುರುವಾರ, ನನ್ನ ಚಿಕ್ಕ ಮಗಳು ಬತ್ತಿ ಹಚ್ಚಿದ ಮೇಲೆ ಊಟ ಮುಗಿಯುವವರೆಗೂ ಬಾಯಿ ತೆರೆಯಲಿಲ್ಲ. ಹುಷಾರಿಲ್ವಾ ಅಂತ ಕೇಳಿದರೂ ಮಾತಿಲ್ಲ. ಆಮೇಲೆ ನೋಟ್‌ಬುಕ್ ಎಳೆದುಕೊಂಡು "ನೀರು" ಅಂತ ಬರೆದು ತೋರಿಸಿದಳು. ಜಕರೀಯನೂ ಮಗುವಿನ ಹೆಸರನ್ನು ಹಲಗೆಯ ಮೇಲೆ ಬರೆದೇ ತೋರಿಸಿದನಲ್ಲ. ಒಂದು ದಿನ ಓದಿ ಮುಂದಕ್ಕೆ ಹೋಗಿದ್ದರೆ ಅವಳೊಳಗೆ ಆ ಕಥೆ ಅಷ್ಟು ಇಳಿಯುತ್ತಿರಲಿಲ್ಲ.

## ಹಂತ 6: ಸಭೆಯಲ್ಲಿ ಕೆಲಸ ಹೊತ್ತವರು ಆರಾಧನೆಯನ್ನೂ ಮಾಡಬೇಕು

ಕ್ವಾಯರ್, ಅಲಂಕಾರ, ಮಕ್ಕಳ ನಾಟಕ, ಧ್ವನಿವರ್ಧಕ, ಇದರಲ್ಲೆಲ್ಲ ಇರುವವರಿಗೆ ಈ ಹಂತ. ತಿಂಗಳೆಲ್ಲ ಸಭೆಯಲ್ಲೇ ಇದ್ದೂ ಆರಾಧನೆ ಮಾಡದೆ ಉಳಿಯುವವರು ನೀವೇ. ನಾನು ಅದರಲ್ಲಿ ವರ್ಷಗಟ್ಟಲೆ ಇದ್ದೇನೆ, ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ.

ನಾಲ್ಕರಲ್ಲಿ ಒಂದು ಭಾನುವಾರವಾದರೂ ಯಾವ ಜವಾಬ್ದಾರಿಯೂ ಇಲ್ಲದೆ ಬೆಂಚಿನಲ್ಲಿ ಕೂರಿ. ಯಾವ ಭಾನುವಾರ ಅಂತ ಹಂತ 1ರಲ್ಲೇ ಗುರುತು ಹಾಕಿ, ಆ ದಿನಕ್ಕೆ ಬೇರೊಬ್ಬರನ್ನು ಮೊದಲೇ ಒಪ್ಪಿಸಿ. ಹಾಡಿನ ಪ್ರಾಕ್ಟೀಸ್ ಶುರುಮಾಡುವ ಮುಂಚೆ ಹಾಡಿನ ಮಾತುಗಳನ್ನು ಒಮ್ಮೆ ರಾಗವಿಲ್ಲದೆ ಓದಿ. ಐದು ನಿಮಿಷದ ಕೆಲಸ. ಶ್ರುತಿ ತಪ್ಪಿತು, ತಾಳ ತಪ್ಪಿತು ಅನ್ನುವುದರಲ್ಲೇ ಸಂಜೆ ಕಳೆದರೆ ಏನು ಹಾಡುತ್ತಿದ್ದೇವೆ ಅನ್ನುವುದೇ ಮರೆತುಹೋಗುತ್ತದೆ.

ಉಳಿದವರು ಹದಿನೈದು ನಿಮಿಷ ಮುಂಚೆ ಹೋಗಿ. ಕಥೊಲಿಕರಾದರೆ ಒಂದು ಗಮನಿಸಿ: ಆಗಮನ ಕಾಲದ ಭಾನುವಾರಗಳ ಬಲಿಪೂಜೆಯಲ್ಲಿ ಮಹಿಮೆಯ ಗೀತೆ ಇರುವುದಿಲ್ಲ, ಹುಟ್ಟುಹಬ್ಬದ ರಾತ್ರಿ ಅದು ಮರಳಿ ಬರುತ್ತದೆ. ಮಕ್ಕಳಿಗೆ ಮೊದಲೇ ಹೇಳಿಟ್ಟರೆ ಅವರು ಅದಕ್ಕಾಗಿ ಕಿವಿ ತೆರೆದು ಕಾಯುತ್ತಾರೆ. ಪಾಪನಿವೇದನೆಯನ್ನು ಕೊನೆಯ ಎರಡು ದಿನಕ್ಕೆ ಇಟ್ಟುಕೊಳ್ಳಬೇಡಿ, ಸಾಲು ಉದ್ದ ಇರುತ್ತದೆ, ಮನಸ್ಸು ಆಗಲೇ ಮನೆಯ ಕೆಲಸದಲ್ಲಿರುತ್ತದೆ.

## ನಡುವೆ ಗಮನಿಸಬೇಕಾದ ಸೂಚನೆಗಳು

ಬತ್ತಿ ಹಚ್ಚಿದ ತಕ್ಷಣ ಫೋಟೋ ತೆಗೆಯುವ ಆಸೆ ಬರುತ್ತಿದೆ. ಹಬ್ಬಕ್ಕೆ ಎಷ್ಟು ಜನ ಬರುತ್ತಾರೆ ಅಂತ ಬಾಯಲ್ಲೇ ಇದೆ, ಕಳೆದ ಭಾನುವಾರ ಓದಿದ ವಾಕ್ಯ ನೆನಪಿಲ್ಲ. ಮನೆಯಲ್ಲಿ ದನಿ ಏರುತ್ತಿದೆ. ನೋಟ್‌ಬುಕ್‌ನಲ್ಲಿ ಮೂರು ದಿನದಿಂದ ಒಂದು ಹೆಸರೂ ಬಿದ್ದಿಲ್ಲ. ಇದರಲ್ಲಿ ಎರಡು ಕಂಡರೂ ಹಂತ 2ಕ್ಕೆ ವಾಪಸ್ ಹೋಗಿ, ಇನ್ನೊಂದು ಕೆಲಸ ಕೈಬಿಡಿ. ಪ್ರಾರ್ಥನೆಯ ಹೊತ್ತನ್ನು ಉದ್ದ ಮಾಡಿ ಸರಿಪಡಿಸಲು ಹೋಗಬೇಡಿ.

ಈ ವರ್ಷ ಮನೆಯಲ್ಲಿ ಒಬ್ಬರು ಕಡಿಮೆಯಾಗಿದ್ದರೆ, ಹಾಡು ಬಾಯಿಗೆ ಬರದಿದ್ದರೆ, ಬಲವಂತ ಬೇಡ. ಬತ್ತಿ ಹಚ್ಚಿ ಕೀರ್ತನೆ 13 ಅಥವಾ 130 ಓದಿ, ಅಷ್ಟೇ ಸಾಕು. ಎರಡೂ ಕಾಯುವವರ ಪ್ರಾರ್ಥನೆಗಳು, ಆಗಮನ ಕಾಲ ಇರುವುದೂ ಕಾಯುವುದಕ್ಕೇ. ಅಳು ಬಂದರೆ ಅಳಿ. ಅದೂ ಆರಾಧನೆಯೇ.

## ಹಂತ 7: ಡಿಸೆಂಬರ್ 24

ಎಲ್ಲ ಕೆಟ್ಟುಹೋಗುವುದು ಈ ದಿನ. ಒಂದು ವರ್ಷ ರಾತ್ರಿ ಹತ್ತಕ್ಕೆ ನಾನು ನೆಲದ ಮೇಲೆ ಕೂತು ಉಡುಗೊರೆಗಳಿಗೆ ಟೇಪ್ ಅಂಟಿಸುತ್ತಿದ್ದೆ. ದೊಡ್ಡವಳು ಬೈಬಲ್ ಎದೆಗೆ ಒತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಳು. "ಅಮ್ಮಾ, ಕಥೆ ಯಾವಾಗ ಓದೋದು?" ನಾಳೆ ಓದೋಣ ಅಂದೆ. ತಲೆ ಎತ್ತಿಯೂ ನೋಡಲಿಲ್ಲ. ಮರುದಿನ ಮನೆ ತುಂಬಾ ಜನ, ಓದಲಿಲ್ಲ. ಮುಂದಿನ ವರ್ಷ ಅವಳು ಕೇಳಲೇ ಇಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆ ಹಿಂಡಿದ ಹಾಗಾಗುತ್ತದೆ.

ಅದಕ್ಕೇ ಈ ದಿನಕ್ಕೆ ಒಂದು ಗೆರೆ ಎಳೆಯಿರಿ: ಸಂಜೆ ನಾಲ್ಕು ಗಂಟೆ. ಕಟ್ಟುವುದು, ಗುಡಿಸುವುದು, ಅಡುಗೆಯ ತಯಾರಿ, ಬಟ್ಟೆ ಇಸ್ತ್ರಿ ಅಷ್ಟರೊಳಗೆ. ಮುಗಿಯದ್ದು ಹಾಗೇ ಉಳಿಯಲಿ. ಉಡುಗೊರೆಗೆ ಕಾಗದ ಸುತ್ತದಿದ್ದರೆ ಬಟ್ಟೆಚೀಲದಲ್ಲಿ ಹಾಕಿಡಿ. ನಾಲ್ಕರ ನಂತರ ಸ್ನಾನ, ಸ್ವಲ್ಪ ವಿಶ್ರಾಂತಿ. ನಡುರಾತ್ರಿಯ ಆರಾಧನೆಗೆ ಹೋಗುವವರು ಮಕ್ಕಳನ್ನು ಎರಡು ಗಂಟೆಯಾದರೂ ಮಲಗಿಸಿ.

ಹೊರಡುವ ಮುಂಚೆ ನಾಲ್ಕು ಬತ್ತಿ ಹಚ್ಚಿ ಲೂಕ 2:1-7 ಓದಿ. ಏಳೇ ವಚನ. ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಇಟ್ಟಿದ್ದರೆ ಆಮೇಲೆ ಬಾಲಯೇಸುವಿನ ಬೊಂಬೆಯನ್ನು ಅದರಲ್ಲಿ ಮಲಗಿಸಿ, ಅಲ್ಲಿಯವರೆಗೆ ಅದು ಖಾಲಿಯೇ ಇರಲಿ.

## ಹಂತ 8: ಡಿಸೆಂಬರ್ 25

ಎದ್ದ ಕೂಡಲೇ ಬಿಳಿ ಬತ್ತಿ. ಲೂಕ 2:8-20, ಕುರುಬರ ಭಾಗ. ಒಂದು ಹಾಡು, ಈ ಸಲ ಪೂರ್ತಿ. ಉಡುಗೊರೆ ಇದಾದ ಮೇಲೆ. ಒಮ್ಮೆ ಕಾಗದ ಹರಿಯಲು ಶುರುವಾದರೆ ಮಕ್ಕಳನ್ನು ವಾಪಸ್ ಕೂರಿಸುವುದು ಯಾರಿಂದಲೂ ಆಗದು.

ಸಭೆಗೆ ಹೋಗಲಾಗದ ಹಿರಿಯರು, ಕಾಯಿಲೆಯವರು ಇದ್ದರೆ ಅವರ ಹಾಸಿಗೆಯ ಪಕ್ಕದಲ್ಲೇ ಬತ್ತಿ ಹಚ್ಚಿ. ಆಮ್ಲಜನಕ ಕೊಡುತ್ತಿರುವ ಕೋಣೆಯಲ್ಲಿ ಮಾತ್ರ ಬೆಂಕಿ ಬೇಡವೇ ಬೇಡ, ಬ್ಯಾಟರಿ ದೀಪ ಇಡಿ.

## ಹಂತ 9: 26ರಿಂದ ಜನವರಿ 6ರವರೆಗೆ

ಇಲ್ಲಿಗೆ ಬರುವವರೇ ಕಡಿಮೆ. ಆದರೆ ನಿಜವಾಗಿ ನೆಮ್ಮದಿಯಾಗಿ ಕೂರಲು ಆಗುವುದು ಈ ಹನ್ನೆರಡು ದಿನಗಳಲ್ಲೇ. ಖರೀದಿ ಇಲ್ಲ, ತಯಾರಿ ಇಲ್ಲ. ಬಿಳಿ ಬತ್ತಿಯನ್ನು ದಿನಾ ಅದೇ ಹೊತ್ತಿಗೆ ಹಚ್ಚುತ್ತಾ ಹೋಗಿ. ಐದೇ ನಿಮಿಷ ಆದರೂ ಸರಿ.

ಯೋಹಾನ 1:1-14 ಅನ್ನು ಎರಡು ಮೂರು ಸಂಜೆಗೆ ಹಂಚಿ ಓದಿ. ಜನವರಿ 1 ಹುಟ್ಟಿದ ಎಂಟನೇ ದಿನ, ಅವತ್ತು ಲೂಕ 2:21, ಮಗುವಿಗೆ ಯೇಸು ಎಂದು ಹೆಸರಿಟ್ಟದ್ದು. ಒಂದೇ ವಚನ. ನಡುವೆ ಒಂದು ದಿನ ಲೂಕ 2:22-38, ಮಗುವನ್ನು ತೋಳಿನಲ್ಲಿ ಎತ್ತಿಕೊಂಡ ಸಿಮೆಯೋನ ಮತ್ತು ವಯಸ್ಸಾದ ಅನ್ನಳ ಭಾಗ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರೇ ಓದಲಿ. ಜನವರಿ 6ಕ್ಕೆ ಮತ್ತಾಯ 2:1-12, ಮೂಡಣದ ಜ್ಞಾನಿಗಳು. ಗೋದಲಿಯ ಜ್ಞಾನಿಗಳನ್ನು ಕೋಣೆಯ ದೂರದ ಮೂಲೆಯಿಂದ ದಿನಾ ಒಂದೊಂದು ಗೇಣು ಮುಂದಕ್ಕೆ ಸರಿಸಿ ಅವತ್ತು ತಲುಪಿಸಿದರೆ ಮಕ್ಕಳು ಒಂದು ದಿನವೂ ಮರೆಯುವುದಿಲ್ಲ.

ಆ ರಾತ್ರಿ ಅಲಂಕಾರ ಬಿಚ್ಚುವ ಮುಂಚೆ ನೋಟ್‌ಬುಕ್ ತೆರೆಯಿರಿ. ಬರೆದ ಹೆಸರುಗಳನ್ನು ಒಂದೊಂದಾಗಿ ಓದಿ. ಕೆಲವರು ಹುಷಾರಾಗಿರುತ್ತಾರೆ, ಕೆಲವರು ಇರುವುದಿಲ್ಲ, ಮಾತು ಬಿಟ್ಟವರಲ್ಲಿ ಒಬ್ಬರಾದರೂ ಫೋನ್ ಮಾಡಿರುತ್ತಾರೇನೋ. ಆಮೇಲೆ ಕೊನೆಯ ಪುಟದಲ್ಲಿ ಮೂರು ಸಾಲು: ಯಾವುದು ನಡೆಯಿತು, ಯಾವುದು ನಿಂತುಹೋಯಿತು, ಮುಂದಿನ ಸಲ ಯಾವುದು ಬೇಡ. ಕೆಳಗೆ ಮುಂದಿನ ಆಗಮನ ಕಾಲದ ಮೊದಲ ಭಾನುವಾರದ ತಾರೀಕು ಬರೆದು, ನೋಟ್‌ಬುಕ್ಕನ್ನು ಉಳಿದ ಬತ್ತಿಗಳ ಜೊತೆ ಅದೇ ಪೆಟ್ಟಿಗೆಯಲ್ಲಿ ಇಟ್ಟುಬಿಡಿ.